ಅಂತರಿಕ್ಷದ ಪ್ರಯಾಣಭತ್ಯೆ

"ಓವರ್‌ಟೈಮ್ ಇಲ್ಲ ಮೇಡಂ. ಎಷ್ಟು ಮೇಲೆ ಹೋದರೂ ಅದು ಆಫೀಸ್ ಟೂರೇ," ಎಂದರು ಲೆಕ್ಕಪತ್ರ ವಿಭಾಗದ ಗುಮಾಸ್ತರು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದ ಕುರ್ಚಿಯಲ್ಲಿ ಗಂಡ ತನಗೂ ಇದಕ್ಕೂ ಸಂಬಂಧವೇ ಇಲ್ಲದವನಂತೆ ಫ್ಯಾನ್ ನೋಡುತ್ತ ಕುಳಿತಿದ್ದ. ಅಂತರಿಕ್ಷದಿಂದ ಇಳಿದು ಬಂದವನನ್ನು ಊರೆಲ್ಲ ಹೊತ್ತು ಮೆರೆಸಿತ್ತು. ಸಂಬಳ ಮಾತ್ರ ಮಾಮೂಲಿ, ಮೇಜಿನ ಹಿಂದೆ ಕೂತು ಆಕಳಿಸುವವರಿಗೆ ಕೊಡುವಷ್ಟೇ.

"ಟೂರಾದರೆ ಟೂರಿನ ಭತ್ಯೆ ಕೊಡಿ."

"ಹೋಗಿ ಬರೋಕೆ ಇಲಾಖೆ ವಾಹನ. ಊಟಾನೂ ಇಲಾಖೇದೇ. ಮಲಗೋಕೆ ಜಾಗ ಕೊಟ್ಟಿದ್ದೀವಿ. ಉಳಿದದ್ದು ಕೈಖರ್ಚು, ದಿನಕ್ಕೆರಡು ಕಾಫಿಗಾಗುವಷ್ಟು ಬರುತ್ತೆ."

"ಜಾಗಾನಾ? ಗೋಡೆಗೆ ಚೀಲ ಕಟ್ಟಿ ಅದರೊಳಗೆ ತೂರ್ಕೊಳ್ಳೋದು ರೀ ಅದು!"

"ಜಾಗ ಕೊಡಬೇಕು ಅಂತ ನಿಯಮ ಇದೆ. ಹೇಗಿರಬೇಕು ಅಂತಿಲ್ಲ."

"ಸಾಕು, ಬಾರೇ," ಎಂದ ಗಂಡ.

"ನೀವು ಸುಮ್ನಿರಿ. ಬಾಯಿ ಬಿಡಲ್ಲ ಅಂತಲೇ ನಿಮ್ಮನ್ನ ಐದು ತಿಂಗಳು ಜಾಸ್ತಿ ಅಲ್ಲೇ ಕೊಳೆಹಾಕಿದ್ದು."

ಆ ಐದು ತಿಂಗಳೇ ಅವಳ ಹೊಟ್ಟೆಯೊಳಗಿನ ಬೆಂಕಿ. ಅವನು ಇಳಿಯಬೇಕಾದ ದಿನಕ್ಕೆ ಒಂದು ವಾರ ಮುಂಚೆ ಮಾವ ಹಾಸಿಗೆ ಹಿಡಿದಿದ್ದರು. ಮೈ ಒರೆಸುವಾಗ, ಚಮಚದಲ್ಲಿ ನೀರು ಕುಡಿಸುವಾಗ, "ಮಗ ಎಲ್ಲಮ್ಮಾ?" ಎಂದಾಗಲೆಲ್ಲ "ಆಫೀಸಿನವರು ಬಿಡ್ತಿಲ್ಲ ಮಾವ" ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಆ ಮಾತನ್ನೇ ನಂಬಿಕೊಂಡು ಅವರು ಕಣ್ಣು ಮುಚ್ಚಿದರು. ದುಡ್ಡು ಹಾಳಾಗಿ ಹೋಗಲಿ. ಆ ದಿನಗಳಿಗಾಗಿ ಈ ಆಫೀಸು ಒಮ್ಮೆಯಾದರೂ ತಲೆ ತಗ್ಗಿಸಬೇಕು ಎಂಬುದೇ ಅವಳ ಹಟ.

ಗುಮಾಸ್ತರು ಕನ್ನಡಕ ಸರಿಮಾಡಿಕೊಂಡರು. "ಅದಕ್ಕೆ ಬೇರೆ ಲೆಕ್ಕ ಇದೆ. ಆಫೀಸೇ ಉಳಿಸ್ಕೊಂಡಿದ್ರೆ ದುಪ್ಪಟ್ಟು ಭತ್ಯೆ. ಸ್ವಂತ ಇಚ್ಛೆಯಿಂದ ಉಳ್ಕೊಂಡಿದ್ರೆ ರಜೆ. ಯಾವುದು ಹಾಕ್ಲಿ ಸಾರ್?"

"ಇದೂ ಒಂದು ಕೇಳೋ ಮಾತಾ?" ಅವಳು ಗಂಡನ ಕಡೆ ತಿರುಗಿದಳು. "ಹೇಳ್ರೀ!"

ಅವನು ಇನ್ನೂ ಮೇಲೆಯೇ ನೋಡುತ್ತಿದ್ದ.

"ನಾನೇ ಕೇಳ್ಕೊಂಡೆ."

"ಯಾವಾಗ?"

"ಅಪ್ಪ ಇನ್ನು ಉಳಿಯಲ್ಲ ಅಂತ ನೀನು ಹೇಳಿದ ದಿನ. ನೋಡೋಕೆ ಧೈರ್ಯ ಬರಲಿಲ್ಲ ಕಣೇ."

ಗುಮಾಸ್ತರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಹೋಗ್ಲಿ ಬಿಡಿ ಮೇಡಂ, ಆಫೀಸೇ ಉಳಿಸ್ಕೊಂಡಿತ್ತು ಅಂತ ಬರೀತೀನಿ. ಯಾರು ನೋಡ್ತಾರೆ?" ಎಂದರು ಮೆಲ್ಲಗೆ.

"ಬೇಡ. ರಜೆ ಅಂತಲೇ ಬರೀರಿ," ಎಂದಳು.

ಅವಳು ಎದ್ದು ಹೊರಗೆ ಬಂದು ಬೆಂಚಿನ ನಡುವೆ ಕುಳಿತಳು. ಸ್ವಲ್ಪ ಹೊತ್ತಿಗೆ, ನೆಲದ ಮೇಲಿನ ನಡಿಗೆ ಇನ್ನೂ ರೂಢಿಯಾಗದ ಗಂಡ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತ. ಅವಳು ಸರಿದು ಜಾಗ ಬಿಡಲಿಲ್ಲ.