ಒಂದು ನಿಮಿಷ ಒಳಗೆ ಹೋಗಿ ಬರ್ಲಾ?

ನಾನು ಪುರಸಭೆ ಚುನಾವಣೆಗೆ ನಿಂತದ್ದು ಊರು ಉದ್ಧಾರ ಮಾಡಬೇಕೆಂದಲ್ಲ, ನಮ್ಮ ಮನೆಯ ಟಾಯ್ಲೆಟ್ಟಿನ ದೆಸೆಯಿಂದ. ಮೊದಲೇ ಹೇಳಿಬಿಡುತ್ತಿದ್ದೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮಧ್ಯದಲ್ಲಿ ಮುಸಿಮುಸಿ ಮಾಡಬೇಡಿ.

ನಮ್ಮ ಮನೆ ಇದ್ದದ್ದು ಮಾರ್ಕೆಟ್ಟಿನ ಬೆನ್ನಿಗೆ. ಹಿತ್ತಿಲ ಬಾಗಿಲು ತೆಗೆದರೆ ತರಕಾರಿ ಸಾಲು, ಅದಕ್ಕೆ ಅಂಟಿಕೊಂಡು ಮೊಟ್ಟೆ, ಅದರಾಚೆ ಮೀನು. ಸಾಲಿನ ಕೊನೆಯಲ್ಲಿ ಬೀರುವಿನಷ್ಟು ಅಗಲದ ನನ್ನ ಟೈಲರಿಂಗ್ ಅಂಗಡಿ. ಆ ಮಾರ್ಕೆಟ್ಟಿಗೆ ಶೀಟಿನ ಚಾವಣಿಯಿತ್ತು, ದೀಪವಿತ್ತು, ಗಂಡಸರಿಗೆ ಹಿಂದಿನ ಗೋಡೆಯಿತ್ತು. ಹೆಂಗಸರಿಗೆ? ಹೆಂಗಸರಿಗೆ ನಮ್ಮ ಮನೆಯಿತ್ತು.

ಶುರು ಮಾಡಿದವಳು ಮೊಟ್ಟೆಯಮ್ಮ. ಮೊಟ್ಟೆ, ಜೊತೆಗೆ ಒಂದಿಷ್ಟು ಈರುಳ್ಳಿ ಮಾರುವ ಆಕೆಗೆ ಹೆಚ್ಚುಕಮ್ಮಿ ನನ್ನದೇ ವಯಸ್ಸು. ಆಗ ಇಬ್ಬರಿಗೂ ಕೂದಲು ಕಪ್ಪಗಿತ್ತು. ಒಂದು ಬೆಳಿಗ್ಗೆ ಮುಖ ಹಿಂಡಿಕೊಂಡು ಬಂದು, "ಟೈಲರಮ್ಮ, ಒಂದು ನಿಮಿಷ ಒಳಗೆ ಹೋಗಿ ಬರ್ಲಾ?" ಎಂದಳು. ಬೇಡ ಅನ್ನಲಿಕ್ಕಾಗುತ್ತದೆಯೇ? ಮರುದಿನ ಸೊಪ್ಪಿನವಳನ್ನು ಕರೆತಂದಳು. ಸೊಪ್ಪಿನವಳು ಮೀನಿನವಳನ್ನು ಕರೆತಂದಳು. ನೋಡನೋಡುತ್ತಿದ್ದಂತೆ ಅದಕ್ಕೊಂದು ಪದ್ಧತಿಯೇ ಆಗಿಹೋಯಿತು. ಎದ್ದು ಹೋಗುವವಳು ತನ್ನ ತಕ್ಕಡಿಯನ್ನು ಪಕ್ಕದವಳ ಮಡಿಲಲ್ಲಿ ಇಡುತ್ತಿದ್ದಳು. ಯಾರಾದರೂ ಎರಡು ತಕ್ಕಡಿ ಇಟ್ಟುಕೊಂಡು ಕೂತಿದ್ದರೆ, ಇನ್ನೊಬ್ಬಳು ಟೈಲರಮ್ಮನ ಮನೆಯಲ್ಲಿದ್ದಾಳೆ ಎಂದು ಗಿರಾಕಿಗಳಿಗೂ ಗೊತ್ತು.

ಪಾಪ ಅನ್ನಬೇಕಾದ್ದು ನಮ್ಮ ಯಜಮಾನರಿಗೆ. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮನುಷ್ಯ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸ್ವಂತ ಮನೆಯಲ್ಲಿ ಕಾಯುತ್ತ ನಿಲ್ಲುತ್ತಿದ್ದರು. ಒಮ್ಮೆ ತಾಳ್ಮೆಗೆಟ್ಟು ಬಾಗಿಲು ತಟ್ಟಿದ್ದಕ್ಕೆ ಮೀನಿನವಳು ಒಳಗಿನಿಂದಲೇ, "ಯಾರದು? ಸಾಲಲ್ಲಿ ಬನ್ರಮ್ಮ!" ಎಂದು ಗದರಿದಳು. ಅವತ್ತಿಂದ ಅವರು ಬೆಳಕು ಹರಿಯುವ ಮೊದಲೇ ಸ್ನಾನ ಮುಗಿಸುವುದನ್ನು ರೂಢಿ ಮಾಡಿಕೊಂಡರು.

ಹೀಗೇ ನಡೆಯುತ್ತಿತ್ತು. ಅಷ್ಟರಲ್ಲಿ ಮನೆ ಮಾಲೀಕ ಬಂದು, ಕಟ್ಟಡ ಕೆಡವಿ ಮಳಿಗೆ ಕಟ್ಟಿಸುತ್ತೇನೆ, ಬೇಸಿಗೆಯೊಳಗೆ ಖಾಲಿ ಮಾಡಿ ಎಂದ. ಮಗಳು ತನ್ನ ಬಡಾವಣೆಯಲ್ಲೇ ನಮಗೊಂದು ಮನೆ ನೋಡಿದಳು. ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯೇ ಆಯಿತು. ಆ ಖುಷಿಯಲ್ಲೇ ಮೊಟ್ಟೆಯಮ್ಮನಿಗೆ ಸುದ್ದಿ ಹೇಳಿದೆ. ಅವಳು ಕೈಯಲ್ಲಿದ್ದ ಮೊಟ್ಟೆಯನ್ನು ಟ್ರೇಯಲ್ಲಿಟ್ಟಳು.

"ಹಾಗಾದ್ರೆ ನಾವು?" ಎಂದಳು. ಮರುಕ್ಷಣವೇ ತಾನೇ ಸಮಾಧಾನ ಹೇಳಿಕೊಂಡಳು. "ಇರ್ಲಿ ಬಿಡಿ ಟೈಲರಮ್ಮ. ಮನೆಗೆ ಹೋಗೋವರೆಗೂ ನೀರು ಕುಡೀದಿದ್ರಾಯ್ತು."

ಅವಳು ಬೈದಿದ್ದರೆ ಚೆನ್ನಾಗಿತ್ತು. ಅಷ್ಟು ಜನ ಹೆಂಗಸರು ಬಾಯಿ ಒಣಗಿಸಿಕೊಂಡು ಬಿಸಿಲಲ್ಲಿ ಕೂರುವುದು, ನಾನು ಮಗಳ ಪಕ್ಕದ ಮನೆಯಲ್ಲಿ ಹಾಯಾಗಿರುವುದು. ಛೆ! ಅನ್ನ ಇಳಿಯಲಿಲ್ಲ.

ನಮ್ಮ ವಾರ್ಡಿನ ಮೆಂಬರ್ ಹತ್ತಿರ ಹೋದೆ. ಮೂರು ಸಲ ಗೆದ್ದ ಆಸಾಮಿ. ಅವನು ಹುಡುಗನಾಗಿದ್ದಾಗ ಅವನ ಚಡ್ಡಿ ಹೊಲಿದವಳು ನಾನು. ಬೆಳೆಯುವ ಮೈ ಎಂದು ಹೊಲಿಗೆಯೊಳಗೆ ಬಟ್ಟೆ ಬಿಟ್ಟು ಹೊಲಿಯುತ್ತಿದ್ದೆ. ಬೆಳೆದ, ಬೆಳೆದು ಕುರ್ಚಿಯಲ್ಲಿ ಹಿಡಿಸದಷ್ಟಾದ. ಮಾರ್ಕೆಟ್ಟಿನ ಮೂಲೆಯಲ್ಲಿ ಹೆಂಗಸರ ಶೌಚಾಲಯಕ್ಕೆಂದು ಎಬ್ಬಿಸಿದ ನಾಲ್ಕು ಗೋಡೆಗಳು ವರ್ಷಗಟ್ಟಲೆಯಿಂದ ಬೋಳುಬೋಳಾಗಿ ನಿಂತಿದ್ದವು. ಚಾವಣಿಯಿಲ್ಲ, ನೀರಿಲ್ಲ, ಬಾಗಿಲಿಲ್ಲ. ಅದನ್ನೊಂದು ಮುಗಿಸಿಕೊಡಪ್ಪ ಎಂದೆ.

"ನೋಡೋಣ ಟೈಲರಮ್ಮ, ಫಂಡ್ ಬರ್ಲಿ," ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಎದ್ದು ಬರುತ್ತಿದ್ದೆ. ಹಲ್ಲು ಕಿರಿದು ಇನ್ನೊಂದು ಮಾತು ಸೇರಿಸಿದ: "ಈ ವಯಸ್ಸಲ್ಲಿ ನಿಮಗ್ಯಾಕೆ ಊರ ಉಸಾಬರಿ? ಮನೇಲಿ ಕಾಲು ಚಾಚ್ಕೊಂಡು ಕೂತ್ಕೊಳ್ಳಿ."

ಪುರಸಭೆ ಚುನಾವಣೆಗೆ ನಾಮಪತ್ರ ಹಾಕುವ ದಿನಗಳವು. ಅಲ್ಲಿಂದ ಎದ್ದವಳು ನೆಟ್ಟಗೆ ಹೋಗಿ ಫಾರಂ ತಂದೆ.

"ತಲೆಗಿಲೆ ಕೆಟ್ಟಿದೆಯೇನೆ ನಿನಗೆ?" ಎಂದರು ಯಜಮಾನರು. ಬೈದುಕೊಂಡೇ ನನ್ನ ಕಾಗದಪತ್ರಗಳನ್ನೆಲ್ಲ ಮೂರು ಸಲ ತಿದ್ದಿ ಸರಿಮಾಡಿಕೊಟ್ಟವರೂ ಅವರೇ. ಗುರುತು ಹೊಲಿಗೆ ಯಂತ್ರ ಕೇಳಿದ್ದೆ, ಏಣಿ ಕೊಟ್ಟರು. ನನ್ನ ಮೊಣಕಾಲಿಗೆ ಮಂಚ ಹತ್ತುವುದೇ ಸಾಹಸ, ಏಣಿಯಂತೆ ಏಣಿ!

ಆದರೆ ಮೆರವಣಿಗೆ ಅಂದರೆ ನಮ್ಮದು. ಸಂಜೆ ವ್ಯಾಪಾರ ಮುಗಿಯುತ್ತಲೇ ಮಾರ್ಕೆಟ್ಟಿನ ಹೆಂಗಸರೆಲ್ಲ ಸೆರಗು ಸಿಕ್ಕಿಸಿ ಹೊರಟರು. ದಿನವಿಡೀ ಕೂಗಿ ಕೂಗಿ ಪಳಗಿದ ಗಂಟಲುಗಳು, ಮೈಕೇ ಬೇಕಾಗಲಿಲ್ಲ. ಮೀನಿನವಳು "ಏಣಿ!" ಎಂದು ಕೂಗಿದರೆ ಎರಡನೇ ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು. ಮೆಂಬರ್ ಮನೆ ಮುಂದೆ ಹಾದಾಗ ಅವನು ಮಹಡಿಯ ಮೇಲೆ ಚಹಾ ಲೋಟ ಹಿಡಿದು ನಿಂತಿದ್ದ. ಸಾಲು ಮುಗಿಯುವವರೆಗೂ ಲೋಟ ಬಾಯಿಗೆ ಹೋಗಲಿಲ್ಲ.

ಗೆದ್ದೇಬಿಟ್ಟೆ ಅಂದುಕೊಂಡೆ. ಯಾವ ಸೀರೆ ಉಟ್ಟು ಪ್ರಮಾಣವಚನ ಸ್ವೀಕರಿಸುವುದು ಎಂದು ಕೂಡ ಯೋಚಿಸಿದೆ.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಎಲ್ಲರನ್ನೂ ಸೇರಿಸಿಕೊಂಡು, ಏಣಿಯ ಚಿತ್ರ ಎಲ್ಲಿರುತ್ತದೆ, ಹೇಗೆ ಒತ್ತಬೇಕು ಎಂದು ಪಾಠ ಮಾಡುತ್ತಿದ್ದೆ. ಮೊಟ್ಟೆಯಮ್ಮ ಗಮನವಿಟ್ಟು ಕೇಳಿದಳು. ಕೇಳಿ, "ಎಲ್ಲಾ ಸರಿ ಟೈಲರಮ್ಮ, ಆದ್ರೆ ನಮ್ಮೂರಲ್ಲಿ ಓಟು ಹೋದ ವರ್ಷವೇ ಮುಗೀತಲ್ಲ?" ಎಂದಳು.

"ಯಾವ ನಿಮ್ಮೂರು?"

"ನಮ್ಮೂರು! ಹೊಳೆ ದಾಟಿ ಬರೋದಲ್ವಾ ನಾನು?"

ಸೊಪ್ಪಿನವಳದು ಇನ್ನೊಂದು ಹಳ್ಳಿ. ಮೀನಿನವಳದು ಅದರಾಚೆ. ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಒಬ್ಬಳಿಗೂ ನಮ್ಮ ವಾರ್ಡಿನಲ್ಲಿ ಓಟಿರಲಿಲ್ಲ! ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಸಂಜೆ ಕೊನೆಯ ಬಸ್ಸಿಗೆ ಹೋಗುವವರು. ಆ ಬಸ್ಸಿಗೆ ದಿನಾ ಕೈ ಬೀಸುತ್ತಿದ್ದವಳು ನಾನೇ. ಇಷ್ಟು ವರ್ಷ ಒಂದೇ ಟಾಯ್ಲೆಟ್ ಹಂಚಿಕೊಂಡವರು ಬೇರೆ ಊರಿನವರು ಎಂದು ನನ್ನ ಮಂಕು ಬುದ್ಧಿಗೆ ಹೊಳೆಯಲೇ ಇಲ್ಲ.

"ಮತ್ತೆ ನಿನ್ನೆ ಗಂಟಲು ಹರಕೊಂಡು ಕೂಗಿದ್ರಲ್ಲ, ಯಾಕ್ರಮ್ಮ?" ಎಂದು ರೇಗಿದೆ.

"ನೀವು ಕರೆದ್ರಿ, ಬಂದ್ವಿ," ಎಂದಳು ಮೊಟ್ಟೆಯಮ್ಮ. "ನಾವು ನಿಮ್ಮನೆ ಬಾಗಿಲಿಗೆ ಬಂದಾಗ ನೀವೇನಾದ್ರೂ ಯಾವೂರು ಅಂತ ಕೇಳಿದ್ರಾ?"

ಕಣ್ಣು ತುಂಬಿ ಬಂತು. ಸಿಟ್ಟೂ ಬಂತು, ಅದು ನನ್ನ ಮೇಲೆಯೇ. ಮನೆಗೆ ಬಂದು ಯಜಮಾನರ ಮುಂದೆ ಎಲ್ಲ ಒದರಿ, ಮಾನ ಹೋಯಿತು, ನಾಳೆಯಿಂದ ಮೆರವಣಿಗೆ ಬಂದ್ ಎಂದೆ. ಅವರು ಕಿಟಕಿಯಾಚೆ ನೋಡುತ್ತ, "ಏ ಇಲ್ಲಿ ಬಾ," ಎಂದರು.

ಮಾರ್ಕೆಟ್ಟಿನ ಮೂಲೆಯ ಬೋಳು ಗೋಡೆಗಳ ಮುಂದೆ ಒಂದು ಲಾರಿ ಸಿಮೆಂಟ್ ಚೀಲ ಇಳಿಸುತ್ತಿತ್ತು. ಮೆಂಬರ್ ಖುದ್ದಾಗಿ ನಿಂತಿದ್ದ. ಇದು ಹಳೇ ಮಂಜೂರಾತಿ, ನಿಂತ ಕೆಲಸ ಮುಂದುವರಿಯುತ್ತಿದೆ ಅಷ್ಟೇ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದನಂತೆ.

ಅಂದರೆ ಇವನಿಗೂ ಗೊತ್ತಿಲ್ಲ! ಮೂರು ಸಲ ಗೆದ್ದರೂ ಆ ಹೆಂಗಸರನ್ನು ಒಂದು ದಿನ ನಿಲ್ಲಿಸಿ ಮಾತಾಡಿಸಿದವನಲ್ಲ. ಅವನ ಕಣ್ಣಿಗೆ ಕಂಡದ್ದು ತಲೆಗಳು ಮಾತ್ರ. ತಲೆ ಎಣಿಸಿದ, ಹೆದರಿದ.

"ಅವನಿಗೆ ನಿಜ ಹೇಳ್ಬೇಕಲ್ವೇನೆ? ಇದು ಮೋಸ ಆಗಲ್ವಾ?" ಎಂದರು ಯಜಮಾನರು. ಕೋರ್ಟಿನ ಜೀವ ನೋಡಿ.

"ಇವರಿಗೆ ಓಟಿದೆ ಅಂತ ನಾನು ಯಾರಿಗಾದ್ರೂ ಹೇಳಿದೀನಾ? ಬಾಯಿಗೆ ಬೀಗ ಹಾಕ್ಕೊಂಡಿರಿ," ಎಂದೆ.

ಮರುದಿನ ಮೆರವಣಿಗೆ ಇನ್ನೂ ಜೋರಾಯಿತು. ಹೆಂಗಸರು ತಮ್ಮೂರಿಂದ ಓರಗಿತ್ತಿಯರನ್ನೂ ನಾದಿನಿಯರನ್ನೂ ಕಟ್ಟಿಕೊಂಡು ಬಂದರು. ಒಂದು ಸಂಜೆ ನಾವು ಬೀದಿ ಸುತ್ತಿದರೆ ಮರುದಿನ ಚಾವಣಿ ಏರಿತು. ಇನ್ನೊಂದು ಸಂಜೆ ಸುತ್ತಿದರೆ ನೀರಿನ ಟ್ಯಾಂಕ್ ಬಂತು. ನನ್ನ ಮೊಣಕಾಲು ನೋವೆಂದು ಒಂದು ದಿನ ಸುಮ್ಮನಿದ್ದೆವು ನೋಡಿ, ಅವತ್ತು ಮೇಸ್ತ್ರಿಯೂ ಬರಲಿಲ್ಲ. ಆಮೇಲೆ ನೋವೋ ಗೀವೋ, ಕುಂಟಿಕೊಂಡಾದರೂ ಹೋದೆ.

ಒಂದು ದಿನ ಮೆಂಬರ್ ತಾನೇ ಮಾರ್ಕೆಟ್ಟಿಗೆ ಬಂದ. ಮೊಟ್ಟೆಯಮ್ಮನ ಮುಂದೆ ನಿಂತು ಕೈ ಮುಗಿದು, "ಅಮ್ಮಾ, ಈ ಸಲ ನಿಮ್ಮ ಓಟು ನನಗೇ," ಎಂದ. ನನ್ನ ಕೈಯಲ್ಲಿ ಕತ್ತರಿ ನಿಂತುಬಿಟ್ಟಿತು. ಈ ಮಹಾತಾಯಿ ಸುಳ್ಳು ಹೇಳುವವಳಲ್ಲ. ಒಡೆದ ಮೊಟ್ಟೆಯನ್ನು ಒಡೆದಿದೆ ಎಂದೇ ಹೇಳಿ ಮಾರುವವಳು. ಈಗ ಬಾಯಿಬಿಟ್ಟಳೋ, ಬಾಗಿಲಿಲ್ಲದ ಟಾಯ್ಲೆಟ್ಟೇ ನಮಗೆ ಗತಿ.

ಮೊಟ್ಟೆಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬಾಗಿಲಿಗೆ ಒಳಗಡೆಯಿಂದ ಗಟ್ಟಿ ಚಿಲಕ ಹಾಕ್ಸಪ್ಪ. ಆಮೇಲೆ ನೋಡೋಣ," ಎಂದಳು.

ಎರಡೇ ದಿನದಲ್ಲಿ ಚಿಲಕ ಬಂತು. ಎಂಥ ಚಿಲಕ ಅಂತೀರಿ, ಜೈಲಿಗೂ ಅಂಥದ್ದಿಲ್ಲ. ಮತದಾನಕ್ಕೆ ಮುಂಚೆಯೇ ಬೀಗ ತೆಗೆದು ಬಾಗಿಲು ತೆರೆದರು. ಮೊದಲು ಒಳಗೆ ಹೋದ ಮೀನಿನವಳು ಹೊರಗೆ ಬಂದು, "ನಲ್ಲೀಲಿ ನೀರು ಬರ್ತಿದೆ ಕಣ್ರೇ!" ಎಂದು ಕೂಗಿದ್ದು ಇಡೀ ವಾರ್ಡಿಗೆ ಕೇಳಿಸಿತು.

ನನಗೆ ಬಿದ್ದ ಓಟು ನಲವತ್ತೊಂದು. ಅವನು ದಂಡಿಯಾಗಿ ಗೆದ್ದ. ಸೋಲು ಗೊತ್ತಿದ್ದದ್ದೇ, ಆದರೂ ನಲವತ್ತೊಂದು ಅಂದಾಗ ಮುಖಕ್ಕೆ ಹೊಡೆದಂತಾಯಿತು. ನಮ್ಮ ವಾರ್ಡಿನವರ ರವಿಕೆಗಳನ್ನೆಲ್ಲ ಹೊಲಿದವಳು ನಾನು! ಯಜಮಾನರು, "ನಲವತ್ತೊಂದೂ ಒಳ್ಳೇ ಜನ ಕಣೆ," ಎಂದರು. ಅವರ ಮೇಲೂ ರೇಗಿದೆ.

ಮನೆ ಖಾಲಿ ಮಾಡಿದೆವು. ಅಂಗಡಿ ಇಲ್ಲೇ ಇದೆ, ದಿನಾ ಬರುತ್ತೇನೆ. ಹೋದ ವಾರ ಮೆಂಬರ್ ಅಂಗಡಿಗೆ ಬಂದ. ಮುಖ ಕೆಂಪಗಿತ್ತು. ಯಾರೋ ಅವನಿಗೆ ಸುದ್ದಿ ಮುಟ್ಟಿಸಿದ್ದರು.

"ಟೈಲರಮ್ಮ, ನಿಜ ಹೇಳಿ. ಆ ಹೆಂಗಸರಲ್ಲಿ ಒಬ್ಬರಿಗೂ ಇಲ್ಲಿ ಓಟಿಲ್ವಂತೆ?"

"ಇಲ್ಲಪ್ಪ."

"ಅಯ್ಯೋ ನನ್ನ ಕರ್ಮವೇ! ಒಂದು ಓಟೂ ಇಲ್ಲದೋರಿಗೆ ಕಟ್ಟಿಸಿದ್ನಲ್ರೀ ನಾನು!"

"ಅದಕ್ಕೇ ಅಲ್ವಾ ಇಷ್ಟು ವರ್ಷ ಯಾರೂ ಕಟ್ಟಿಸದೇ ಇದ್ದದ್ದು," ಎಂದೆ.

ಅಷ್ಟರಲ್ಲಿ ಮೊಟ್ಟೆಯಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಶೌಚಾಲಯದ ಮೂಲೆಯಿಂದಲೇ ಬಂದಳು. ಅವನನ್ನು ಕಂಡದ್ದೇ ಎರಡೂ ಕೈ ಎತ್ತಿ, "ನೀನು ನೂರು ವರ್ಷ ಬಾಳಪ್ಪ. ಹೆತ್ತ ಮಕ್ಕಳೂ ಇಷ್ಟು ಮಾಡಲ್ಲ," ಎಂದು ಹರಸಿದಳು. ಅವನ ತಲೆಯ ಮೇಲೆ ಕೈಯನ್ನೂ ಇಟ್ಟಳು.

ನನ್ನ ಹೊಟ್ಟೆ ಹೇಗೆ ಉರಿಯಿತೆಂದರೆ! ಬೀದಿ ಬೀದಿ ಕುಂಟಿದವಳು ನಾನು, ಸೋತವಳು ನಾನು, ಆಶೀರ್ವಾದ ಇವನಿಗೆ. ಇವನು ಕಟ್ಟಿಸಿದ್ದು ಓಟಿನ ಆಸೆಗೆ ಎಂದು ಅವಳಿಗೆ ಹೇಳಿಬಿಡಬೇಕು ಅನ್ನಿಸಿತು, ನಾಲಿಗೆ ತುದಿವರೆಗೂ ಬಂತು. ಅವನೋ, ಗೆದ್ದ ದಿನ ಹಾರಗಳ ಕೆಳಗೆ ಕಲ್ಲಿನಂತೆ ನಿಂತಿದ್ದವನು, ಈಗ ಆ ಒದ್ದೆ ಕೈಯ ಕೆಳಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಚಪ್ಪಲಿ ನೋಡುತ್ತಿದ್ದ. ಕಣ್ಣಂಚು ಒದ್ದೆಯಾಗಿತ್ತು. ಮಾತನ್ನು ಅಲ್ಲೇ ಬಿಟ್ಟು ಕತ್ತರಿ ಕೈಗೆತ್ತಿಕೊಂಡೆ.

"ಮುಂದಿನ ಸಲವೂ ನಿಂತ್ಕೋತೀಯಾ?" ಎಂದು ಕೇಳಿದಳು ಮೊಟ್ಟೆಯಮ್ಮ.

"ಹ್ಞೂಂ ಅಮ್ಮ. ಆದ್ರೆ ನಿಮಗೆ ಇಲ್ಲಿ ಓಟಿಲ್ವಲ್ಲ," ಎಂದ ಅವನು ಮೆಲ್ಲಗೆ.

"ಓಟಿಲ್ದಿದ್ರೇನು? ನೀನು ಕರಿ, ಎಲ್ಲರೂ ಬರ್ತೀವಿ, ಕೂಗ್ತೀವಿ," ಎಂದಳು ಅವಳು. ಸೊಪ್ಪಿನವಳ ಮಡಿಲಿಂದ ತನ್ನ ತಕ್ಕಡಿ ಎತ್ತಿಕೊಂಡು ಹೋಗಿ ವ್ಯಾಪಾರಕ್ಕೆ ಕೂತಳು.