ಸೋಮವಾರದ ಸೈರನ್

ಕೋಮಲಳಿಗೆ ಫೋನ್ ಮಾಡಿದವನು ಲೊಕ್ಕನಹಳ್ಳಿಯ ಮಹದೇವು. ಅದೂ ದೂರು ಹೇಳುವುದಕ್ಕಲ್ಲ, ಸಹಾಯ ಕೇಳುವುದಕ್ಕೆ.

"ಮೇಡಂ, ನಮ್ಮವ್ವಂಗೆ ಕಿವಿ ಪೂರ್ತಿ ಓಗ್ಬುಟ್ಟದೆ. ನಿಮ್ಮ ಕೊಳ್ಳೇಗಾಲದಲ್ಲಿ ಕಿವಿ ಮಿಷಿನ್ ಆಕೋ ಒಳ್ಳೆ ಡಾಕ್ಟ್ರು ಯಾರಾರ ಅವ್ರಾ? ಗುರುವಾರ ಕರ್ಕಂಡ್ ಬತ್ತೀನಿ. ನಿಮ್ ಸೈರನ್ ಕಂಬದ ಬುಡದಲ್ಲೇ ಕಳೆ ಕೀಳ್ತಿದ್ಲು ಮೇಡಂ, ಆನೆ ಬಂದಾಗ ಅದು ಬಡ್ಕಂಡಿದ್ದು ಅವ್ಳಿಗೆ ಕೇಳ್ನೇ ಇಲ್ಲ ಅಂದ್ರೆ ನೀವೇ ಲೆಕ್ಕ ಆಕಿ. ಓಡಕ್ಕೋಗಿ ಬದುವಿಂದ ಬಿದ್ದು ಸೊಂಟ ಮುರ್ಕಂಡವ್ಳೆ."

ಯಾವತ್ತು ಅಂತ ಕೋಮಲ ಕೇಳಿದಳು. ಹೋದ ತಿಂಗಳು, ಒಂದು ಸೋಮವಾರ ಅಂದ. ಫೋನಿಟ್ಟು ಕಂಪ್ಯೂಟರಿನಲ್ಲಿ ಆ ದಿನದ ದಾಖಲೆ ತೆರೆದು ನೋಡಿದಳು. ನೋಡಬೇಕಾದ ಅಗತ್ಯವೇನೂ ಇರಲಿಲ್ಲ, ಸೋಮವಾರ ಅಂದ ಕೂಡಲೇ ಅವಳಿಗೆ ಗೊತ್ತಾಗಿಹೋಗಿತ್ತು. ಮಹದೇವುವಿನ ತಾಯಿ ಗೋವಿಂದಮ್ಮನ ಕಿವಿಗೆ ಏನೂ ಆಗಿರಲಿಲ್ಲ. ಅವತ್ತು ಸೈರನ್ ಕೂಗಿಯೇ ಇರಲಿಲ್ಲ. ಕೂಗಬೇಡ ಅಂತ ಅದಕ್ಕೆ ಹೇಳಿಕೊಟ್ಟವಳು ಕೋಮಲಳೇ.

ಕೋಮಲ ಮಾಡುವ ಕೆಲಸವನ್ನು ಅವಳ ಅಪ್ಪ ಪ್ರಭುಸ್ವಾಮಿಗೇ ಇನ್ನೂ ಅರ್ಥ ಮಾಡಿಸಲು ಆಗಿಲ್ಲ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ರೇಷ್ಮೆ ಸೀರೆ ನೇಯ್ದು ಮಗಳನ್ನು ಓದಿಸಿದ ಮನುಷ್ಯ, "ಅದೇನೋ ಮಿಡ್ಲ್‌ವೇರ್ ಅಂತೆ, ಮಧ್ಯದಲ್ಲಿರುತ್ತಂತೆ" ಎಂದು ಕೇಳಿದವರಿಗೆಲ್ಲ ಹೇಳುತ್ತಾನೆ. ಅಷ್ಟು ಹೇಳಿದರೆ ತಪ್ಪೇನಿಲ್ಲ. ಲೊಕ್ಕನಹಳ್ಳಿಯ ಕಾಡಂಚಿನ ಹೊಲಗಳಲ್ಲಿ ಕಂಬ ನೆಡುವಾಗ ಕೋಮಲ ಊರಿನವರಿಗೂ ಸುಮಾರು ಹಾಗೆಯೇ ವಿವರಿಸಿದ್ದಳು. ನೆಲದ ಅದುರು ಹಿಡಿಯುವುದೊಂದು ಯಂತ್ರ, ಸದ್ದು ಹಿಡಿಯುವುದೊಂದು, ಕ್ಯಾಮೆರಾ ಒಂದು. ಒಂದರ ಭಾಷೆ ಇನ್ನೊಂದಕ್ಕೆ ಬಾರದು. ಸೈರನ್ನಿಗಂತೂ ಅರಚುವುದೊಂದು ಬಿಟ್ಟು ಬೇರೇನೂ ಗೊತ್ತಿಲ್ಲ. ಇವುಗಳ ನಡುವೆ ಕೂತು ಎಲ್ಲರ ಮಾತೂ ಕೇಳಿಸಿಕೊಂಡು, ಈಗ ಹೊತ್ತೇನು, ಎಲ್ಲಿ ಯಾರಿದ್ದಾರೆ, ಏನು ನಡೆಯುತ್ತಿದೆ ಎಂದು ತಿಳಿದು, ಯಾರಿಗೆ ಏನು ಹೇಳಬೇಕೆಂದು ತೀರ್ಮಾನ ಮಾಡುವ ಪ್ರೋಗ್ರಾಂ ಒಂದು ಬೇಕು. ಅದನ್ನು ಬರೆದವಳು ಕೋಮಲ. "ಅಂದ್ರೆ ಯಜಮಾನ ಅನ್ನಿ," ಎಂದಿದ್ದಳು ಗೋವಿಂದಮ್ಮ. ಅಂದಿನಿಂದ ಊರಿನಲ್ಲಿ ಅದರ ಹೆಸರು ಯಜಮಾನ ಎಂದೇ ಆಯಿತು.

ಯಜಮಾನನಿಗೆ ಮೊದಮೊದಲು ಬುದ್ಧಿ ಕಡಿಮೆಯಿತ್ತು. ಆನೆ ಎಲ್ಲಿ ಕಂಡರೂ ಸೈರನ್ ಬಾರಿಸಿಬಿಡುತ್ತಿತ್ತು. ಹೊಲದಲ್ಲಿ ನರಪಿಳ್ಳೆ ಇಲ್ಲದಿದ್ದಾಗ ಕೂಗಿದರೆ ಸುಮ್ಮನೆ ಕೆರೆಗೆ ಹೋಗುತ್ತಿದ್ದ ಆನೆ ಬೆದರಿ ಊರ ಕಡೆಗೇ ನುಗ್ಗುತ್ತಿತ್ತು. ಜನ ಬೈದರು. ಹೊಲದಲ್ಲಿ ಯಾರೂ ಇಲ್ಲದಾಗ ಸೈರನ್ ಬೇಡ, ಊರಿನವರ ಫೋನಿಗೆ ಮೆಸೇಜು ಮಾತ್ರ ಸಾಕು ಎಂದಾಯಿತು. ಆದರೆ ಹೊಲದಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಯಜಮಾನನಿಗೆ ಗೊತ್ತಾಗುವುದು ಹೇಗೆ? ಹೆಂಗಸರು ಫೋನನ್ನು ಮನೆಯಲ್ಲೇ ಚಾರ್ಜಿಗೆ ಹಾಕಿ ಸೊಂಟಕ್ಕೆ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು ಹೊಲಕ್ಕೆ ಹೋಗುವವರು. ಕೈಗೆ ಬೇರೇನಾದರೂ ಕಟ್ಟುತ್ತೇನೆಂದರೆ ಕಟ್ಟಿಸಿಕೊಳ್ಳುವವರೂ ಅಲ್ಲ. ಕೊನೆಗೆ ಎತ್ತುಗಳ ಕೊರಳ ಗಂಟೆಯ ಪಟ್ಟಿಗೆ ಒಂದೊಂದು ಪುಟ್ಟ ಯಂತ್ರ ಹೊಲಿಸಿದಳು. ಎತ್ತು ಹೊಲದಲ್ಲಿದ್ದರೆ ಜನವೂ ಇರುತ್ತಾರೆ. ಎತ್ತು ಕೊಟ್ಟಿಗೆಯಲ್ಲಿದ್ದರೆ ಹೊಲದಲ್ಲಿ ಜನ ಇದ್ದಾರೋ ಇಲ್ಲವೋ ಎಂದು ಒಂದೊಂದು ದಿನ ಅನುಮಾನ. ಆ ಅನುಮಾನ ಬಗೆಹರಿಸಲೆಂದೇ ಊರಿನ ವಾಡಿಕೆಗಳನ್ನು ಕೇಳಿ ಕೇಳಿ ಯಜಮಾನನಿಗೆ ಕಲಿಸುತ್ತಾ ಹೋದಳು.

ಒಂದು ಮಧ್ಯಾಹ್ನ ಗೋವಿಂದಮ್ಮನ ಜಗಲಿಯಲ್ಲಿ ಕೂತು ಮುದ್ದೆ ಉಣ್ಣುವಾಗ ಅವಳೇ ಹೇಳಿದ್ದಳು. "ಸ್ವಾಮಾರ ನಾವು ನೇಗ್ಲಿಗೆ ಎತ್ತು ಕಟ್ಟದಿಲ್ಲ ಕಣವ್ವ. ಬಸವಣ್ಣನ ದಿನ."

ಕೋಮಲ ತಲೆಯಾಡಿಸಿದಳು. ಇಂಥದ್ದು ಅವಳಿಗೆ ಹೊಸದಲ್ಲ. ಅವಳ ಮನೆಯಲ್ಲಿ ಅಮಾವಾಸ್ಯೆ ದಿನ ಮಗ್ಗ ಆಡುವುದಿಲ್ಲ. ಬೀದಿಗೆ ಬೀದಿಯೇ ಅಂದು ನಿಶ್ಶಬ್ದ. ಅಪ್ಪ ಮಗ್ಗದ ಗುಣಿಗೆ ಕಾಲಿಡುವುದಿಲ್ಲ, ಅಮ್ಮ ರಾಟೆ ಮುಟ್ಟುವುದಿಲ್ಲ, ಎಲ್ಲರೂ ಎಣ್ಣೆನೀರು ಹಾಕಿಕೊಂಡು ಉಂಡು ಮಲಗುತ್ತಾರೆ. ಮಗ್ಗ ನಿಂತಿತೆಂದರೆ ಮನೆಗೆ ಮನೆಯೇ ನಿಂತಂತೆ. ಎತ್ತು ನಿಂತರೂ ಹಾಗೆಯೇ ಅಂದುಕೊಂಡಳು. ಹಾಗಲ್ಲವೇ ಎಂದು ಇನ್ನೊಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮುದ್ದೆ ಮುಗಿಸಿ ಕೈ ತೊಳೆದು ಅಲ್ಲೇ ಲ್ಯಾಪ್‌ಟಾಪ್ ತೆರೆದು, ಸೋಮವಾರ, ಎತ್ತು ಕೊಟ್ಟಿಗೆಯಲ್ಲಿ, ಹೊಲ ಖಾಲಿ ಎಂದು ಬರೆದಳು. ಬರೆದಾಗ ಬಲು ಹೆಮ್ಮೆಯಾಗಿತ್ತು. ಊರಿನ ವಾಡಿಕೆಯನ್ನು ಯಂತ್ರಕ್ಕೆ ಕಲಿಸಿದೆ ಎಂದು ಮೈಸೂರಿನ ಆಫೀಸಿನಲ್ಲಿ ಹೇಳಿಕೊಂಡು ಚಪ್ಪಾಳೆಯನ್ನೂ ಗಿಟ್ಟಿಸಿದ್ದಳು.

ಎತ್ತಿಗೆ ರಜ ಇರುವ ದಿನವೇ ಹೆಂಗಸರಿಗೆ ಕೈತುಂಬ ಕೆಲಸ ಎಂಬುದು ಆ ಜಾಣೆಗೆ ಹೊಳೆಯಲೇ ಇಲ್ಲ. ಬಾಕಿ ದಿನ ಗಂಡಸರ ಉಳುಮೆಯ ಹಿಂದೆ ಓಡಾಡಿ ಸಾಕಾಗುವ ಹೆಂಗಸರು, ಸೋಮವಾರ ಬಂತೆಂದರೆ ಕುಡುಗೋಲು ಹಿಡಿದು ಸಾಲು ಸಾಲು ಕಳೆಗೆ ಕೂರುತ್ತಾರೆ. ಅಷ್ಟು ಸೋಮವಾರಗಳಲ್ಲಿ ಹಗಲು ಹೊತ್ತು ಆನೆ ಬಾರದೆ ಇದ್ದದ್ದು ಪುಣ್ಯ. ಆ ಸೋಮವಾರ ಬಂತು. ಜೊತೆಯವರು ಊಟಕ್ಕೆಂದು ಊರಿಗೆ ಹೋಗಿದ್ದರು, ಕೆರೆಯ ಬದಿಯ ಹೊಲದಲ್ಲಿ ಗೋವಿಂದಮ್ಮ ಒಬ್ಬಳೇ ಇದ್ದಳು. ಯಜಮಾನ ಆನೆಯನ್ನು ಸರಿಯಾಗಿಯೇ ಗುರುತಿಸಿತು. ಊರಿನ ಫೋನುಗಳಿಗೆಲ್ಲ ಮೆಸೇಜು ಕಳಿಸಿತು. ಹನೂರಿನ ಸಂತೆಯಲ್ಲಿದ್ದ ಮಹದೇವುಗೂ ಹೋಯಿತು. ಕೆರೆ ಬದಿಯ ಸೈರನ್ ಊರಿಗೆ ಕೇಳಿಸದು; ಹೊಲದಲ್ಲಿ ಜನವಿದ್ದು ಮೆಸೇಜು ಬಂತೆಂದ ಮೇಲೆ ಸೈರನ್ನೂ ಕೂಗಿರಲೇಬೇಕು ಎಂದು ಊರೇ ನಂಬಿತು.

ಆಫೀಸಿನ ಮುಖ್ಯಸ್ಥ ತೇಜಸ್ ಎಲ್ಲ ಕೇಳಿ, "ರೂಲ್ ಬದಲಾಯಿಸಿದ್ದೀಯಲ್ಲ, ಮುಗೀತು ಬಿಡು. ನೀನಾಗಿ ಹೋಗಿ ಯಾಕೆ ತಲೆ ಕೊಡ್ತೀಯ?" ಎಂದ. ಬದಲಾಯಿಸುವುದಕ್ಕೆ ಒಂದು ಸಂಜೆಯೂ ಹಿಡಿದಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾದದ್ದು. ಸುಮ್ಮನಿದ್ದರೆ ಗುರುವಾರ ಒಬ್ಬ ಹೆಂಗಸು ಚೆನ್ನಾಗಿರುವ ಕಿವಿಗೆ ಮಿಷಿನ್ ಹಾಕಿಸಿಕೊಂಡು ಬದುಕೆಲ್ಲ ಕಿವುಡಿಯಾಗಿ ಕಳೆಯುತ್ತಾಳೆ. ಬುಧವಾರ ಬೆಳಿಗ್ಗೆ ಕೋಮಲ ಹನೂರಿನ ಬಸ್ ಹತ್ತಿದಳು.

ಲೊಕ್ಕನಹಳ್ಳಿ ತಲುಪುವಾಗ ಬಿಸಿಲು ಏರಿತ್ತು. ಗೋವಿಂದಮ್ಮ ಜಗಲಿಯಲ್ಲಿ ಕಾಲು ಚಾಚಿ, ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಊರುಗೋಲು. ಮಹದೇವು ಅವಳ ಕಿವಿಗೆ ಬಾಯಿಟ್ಟು ಕೂಗಿದ. "ಅವ್ವಾ! ಕೋಮಲ ಮೇಡಂ ಬಂದವ್ರೆ!"

"ಊಂ ಕಣ್ಲಾ, ಬಂದವ್ರೆ," ಎಂದಳು ಮುದುಕಿ. ಅವಳ ದನಿ ಸೋತಿತ್ತು.

ಟೀ ಮಾಡಿಸುತ್ತೇನೆ ಎಂದು ಮಹದೇವು ಒಳಗೆ ಹೋದ. ಕೋಮಲ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ, ಮೊರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಹೇಳಿದಳು. "ಗೋವಿಂದಮ್ಮ, ಅವತ್ತು ಸೈರನ್ ಕೂಗಲಿಲ್ಲ."

ಹುರುಳಿಯ ಮೇಲಿದ್ದ ಕೈ ನಿಂತಿತು. "ಏನಂದೆ?"

"ನಿಮಗೆ ಕೇಳಿಸ್ತು ನಾನು ಅಂದದ್ದು. ನಿಮ್ಮ ಕಿವಿ ಚೆನ್ನಾಗಿದೆ. ಸೋಮವಾರ ಎತ್ತು ಕಟ್ಟಲ್ಲ ಅಂದ್ರಲ್ಲ, ಹೊಲಕ್ಕೆ ಯಾರೂ ಹೋಗಲ್ಲ ಅಂತ ನಾನೇ ತಿಳ್ಕೊಂಡು ಬರೆದುಬಿಟ್ಟೆ. ಅದಕ್ಕೆ ಅದು ಕೂಗಲಿಲ್ಲ. ತಪ್ಪು ನಂದು."

ಗೋವಿಂದಮ್ಮ ಅವಳ ಮುಖವನ್ನೇ ನೋಡಿದಳು. ಬೈಯಲಿ, ಎದ್ದು ಹೋಗು ಅನ್ನಲಿ ಎಂದು ಕೋಮಲ ಕಾಯುತ್ತಿದ್ದಳು. ಮುದುಕಿಯ ಕಣ್ಣು ತುಂಬಿ ಬಂತು, ಆದರೆ ತುಟಿಯ ತುದಿಯಲ್ಲಿ ನಗುವಿನಂಥದ್ದೇನೋ ಇತ್ತು.

"ಅಂಗಾರೆ ಕೂಗ್ನೇ ಇಲ್ಲ?"

"ಇಲ್ಲ."

"ನಂಗೆ ಕೇಳ್ತು ಕಣವ್ವ," ಎಂದಳು ಗೋವಿಂದಮ್ಮ.

"ಏನು ಕೇಳ್ತು?"

"ಆನೆ. ಕೆರೆ ಏರಿ ತಾವ ಲಟಕ್ ಅಂತು. ಬಿದ್ರು ಮುರ್ದ ಸದ್ದು. ಆಮ್ಯಾಕೆ ಆನೆ ಕಿವಿ ಬಡ್ಕಂಡ ಸದ್ದು. ಉಟ್ಟಿದಾಗ್ನಿಂದ ಕೇಳಿರೋ ಸದ್ದು, ನಂಗೊತ್ತಿಲ್ವಾ? ಕುಡ್ಲು ಕೆಳಗಾಕಿ ಎದ್ದೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಎದ್ದೋಳು ಆ ಕಂಬ ನೋಡ್ದೆ. ಅದು ಸುಮ್ಕಿತ್ತು. ಆನೆ ಆಗಿದ್ರೆ ಯಜಮಾನ ಬುಟ್ಟಾನಾ, ಕೂಗಿರನು, ಎಮ್ಮೆ ಇರ್ಬೈದು ಅಂತ ತಿರ್ಗಾ ಕುಂತ್ಕಂಡೆ."

ಸೈರನ್ ಎಚ್ಚರಿಸಲಿಲ್ಲ ಎಂಬಷ್ಟಕ್ಕೇ ಕೋಮಲ ಇಷ್ಟು ದಿನ ಸಂಕಟಪಟ್ಟಿದ್ದಳು. ಎಚ್ಚರವಾಗಿದ್ದವಳನ್ನು ಅದು ಮತ್ತೆ ಕೂರಿಸಿತ್ತು. ಕಂಬ ನೆಡದೇ ಹೋಗಿದ್ದರೆ ಈ ಹೆಂಗಸು ಆಗಲೇ ಊರು ಸೇರಿರುತ್ತಿದ್ದಳು. ಆ ಕಂಬ ಬರುವ ಮುಂಚೆ ಕಳೆಗೆ ಕೂತಾಗ ಆನೆ ಬಂದರೆ ಬಡಿಯಲು ಒಬ್ಬರು ಡಬ್ಬ ಹಿಡಿದು ಬದುವಿನ ಮೇಲೆ ಕಾವಲಿರುತ್ತಿದ್ದರಂತೆ. ಇನ್ನು ಅದೇಕೆ ಎಂದು ಬಿಡಿಸಿದವಳೂ ಕೋಮಲಳೇ.

ಅಷ್ಟರಲ್ಲಿ ಮಹದೇವು ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಲೋಟಗಳನ್ನು ನೆಲಕ್ಕೆ ಕುಕ್ಕಿದ.

"ಕೂಗ್ದೆ ಇರೋದ್ಕೆ ಕಂಬ ಯಾಕ್ರೀ ನೆಟ್ರಿ?" ಎಂದು ಕೋಮಲಳ ಮೇಲೆ ಏರಿಬಂದ. ಅವಳು ತಲೆ ತಗ್ಗಿಸಿ ಕೂತಿದ್ದಳು. ಮರುಗಳಿಗೆ ಅವನ ಸಿಟ್ಟು ತಾಯಿಯ ಕಡೆ ತಿರುಗಿತು. "ನೀನ್ಯಾಕವ್ವ ಬಾಯಿ ಬುಡ್ನಿಲ್ಲ? ಕಿವುಡಿ ಕಿವುಡಿ ಅಂತ ಊರೆಲ್ಲ ಅಂತಿದ್ರೆ ಅಂಗೇ ಅನ್ನಿಸ್ಕಂಡು ಕುಂತಿದ್ಯಲ್ಲ!"

"ಏನಂತ ಏಳ್ಲೀ? ನೀನೂ ಕೂಗ್ತು ಅಂದೆ. ನಿನ್ನೆಂಡ್ರೂ ಕೂಗ್ತು ಅಂದ್ಲು. ಎಲ್ಲಾರ ಫೋನ್ಗೂ ಬಂದದೆ ಅಂದ್ರು. ಇಷ್ಟು ಜನ ಒಂದೇ ಸಮ ಅಂದ್ಮೇಕೆ ಕೂಗಿದ್ದು ನಿಜ, ನಂಗೇ ಕೇಳ್ನಿಲ್ಲ ಅಂದ್ಕಂಡೆ. ಕೂಗಿದ್ದೇ ಕೇಳ್ದಿರೋ ಕಿವಿಗೆ ಬಿದ್ರು ಮುರ್ದಿದ್ದು ಎಲ್ಲಿ ಕೇಳಾದು? ಅದೂ ನನ್ ಭ್ರಮೆ ಅಂತ ಬುಟ್ಟಾಕ್ದೆ."

ತಿಂಗಳಿಂದ ತಾಯಿಯ ಕಿವಿಗೆ ಬಾಯಿಟ್ಟು ಕೂಗಿದ ಗಂಟಲು ಮಹದೇವುವಿನದು. ಮೆಲ್ಲಗೆ ಅವಳ ಪಕ್ಕ ಕೂತು ಮೊರವನ್ನು ತನ್ನ ಕಡೆ ಎಳೆದುಕೊಂಡು ಕಲ್ಲು ಹುಡುಕತೊಡಗಿದ. ಹುರುಳಿಯಲ್ಲಿ ಕಲ್ಲೇ ಇರಲಿಲ್ಲ.

"ಗುರುವಾರ ಕೊಳ್ಳೇಗಾಲಕ್ಕೆ ಓಗಾದು ಬ್ಯಾಡ ಬುಡವ್ವ," ಎಂದ ಕೊನೆಗೆ.

"ಈಗ ಸರಿ ಮಾಡಿದ್ದೀನಿ," ಎಂದಳು ಕೋಮಲ. ಆ ಮಾತು ಎಷ್ಟು ಸಣ್ಣದು ಎಂದು ಹೇಳುವಾಗಲೇ ಗೊತ್ತಾಯಿತು. "ಇನ್ನು ಸೋಮವಾರವೂ ಕೂಗುತ್ತೆ. ಆದ್ರೂ ಅದನ್ನೇ ನಂಬ್ಕೊಂಡು ಕೂರಬೇಡಿ ಗೋವಿಂದಮ್ಮ. ನಿಮ್ಮ ಕಿವಿಗೆ ಕೇಳಿದ್ರೆ ಎದ್ದುಬಿಡಿ. ಡಬ್ಬ ಹಿಡ್ಕೊಂಡು ಕಾಯೋರೂ ಇರಲಿ."

"ಆಯ್ತು ಕಣವ್ವ. ನೀನೇ ಬಂದು ಏಳ್ದಲ್ಲ, ಅದೇ ದೊಡ್ದು. ಟೀ ಆರೋಯ್ತದೆ, ಕುಡಿ."

ಮೂವರೂ ಟೀ ಕುಡಿದರು. ಬೀದಿಯ ಕೊನೆಯಲ್ಲಿ, ಕಾಡಂಚಿನ ಲಂಟಾನ ಪೊದೆ ಶುರುವಾಗುವ ಕಡೆ, ಇನ್ನೊಂದು ಸೈರನ್ ಕಂಬ ಬಿಸಿಲಿನಲ್ಲಿ ನಿಂತಿತ್ತು. ಕೊಟ್ಟಿಗೆಯಲ್ಲಿ ಎತ್ತಿನ ಗಂಟೆ ಆಗೊಮ್ಮೆ ಈಗೊಮ್ಮೆ ಅಲುಗುತ್ತಿತ್ತು. ಕೋಮಲಳ ಮನಸ್ಸು ಹಗುರವಾಗಲಿಲ್ಲವಾದರೂ ಬಂದ ಕೆಲಸವಾಯಿತು ಅನ್ನಿಸಿತು.

ಆಗ ಗೋವಿಂದಮ್ಮನ ತಲೆ ತಟ್ಟನೆ ಕಾಡಿನ ಕಡೆ ತಿರುಗಿತು. ಲೋಟ ಹಿಡಿದ ಕೈ ಅಲ್ಲೇ ನಿಂತಿತು. ಮಹದೇವುಗೂ ಕೋಮಲಳಿಗೂ ಏನೂ ಕೇಳಿಸಿರಲಿಲ್ಲ. ಮುದುಕಿ ಉಸಿರು ಬಿಗಿಹಿಡಿದು ಸ್ವಲ್ಪ ಹೊತ್ತು ಆಲಿಸಿದಳು. ಊರುಗೋಲಿನತ್ತ ಒಂದು ಕೈ ಹೋಯಿತು. ಆಮೇಲೆ ಅವಳ ಕಣ್ಣು ಮೆಲ್ಲಗೆ ಬೀದಿಯ ಕೊನೆಯ ಕಂಬದ ಕಡೆ ಹೊರಳಿತು.

"ಏನು ಗೋವಿಂದಮ್ಮ? ಏನು ಕೇಳ್ತು?" ಎಂದಳು ಕೋಮಲ.

ಗೋವಿಂದಮ್ಮ ಊರುಗೋಲಿನಿಂದ ಕೈ ತೆಗೆದಳು.

"ಏನಿಲ್ಲ ಕಣವ್ವ," ಎಂದಳು. "ಅದು ಕೂಗ್ನಿಲ್ವಲ್ಲ."