ಅಂಚಿನ ಗೀರು

ನಾನು ಅಪ್ಪಟ ನಿಕ್ಕಲಿನ ಒಂದು ರೂಪಾಯಿ. ಬೆಳ್ಳಿಯಲ್ಲ. ಬೆಳ್ಳಿ ಎಂದು ಯಾವತ್ತೂ ಯಾರ ಹತ್ತಿರವೂ ಹೇಳಿಕೊಂಡವನೂ ಅಲ್ಲ. ಟಂಕಸಾಲೆಯ ಅಚ್ಚು ನನ್ನ ಎದೆಗೆ ಗುದ್ದಿ ಸಿಂಹಗಳನ್ನು ಮೂಡಿಸಿದಾಗ ಬೆಳ್ಳಿ ರೂಪಾಯಿಗಳ ಕಾಲ ಮುಗಿದೇ ಹೋಗಿತ್ತು. ಕಣ್ಣಿದ್ದವರು ನೋಡಬೇಕಿತ್ತು.

ಕಡೂರಿನ ಶಿವಣ್ಣ ನೋಡಲಿಲ್ಲವೋ, ನೋಡಿಯೂ ಸುಮ್ಮನಿದ್ದನೋ. ಮದುವೆಯಾದ ವರ್ಷ ಲಕ್ಷ್ಮೀಪೂಜೆಯ ದಿನ ನನ್ನನ್ನು ಹೆಂಡತಿ ಪುಟ್ಟತಾಯಮ್ಮನ ಅಂಗೈಯಲ್ಲಿಟ್ಟು, "ಬೆಳ್ಳೀದು ಕಣೇ, ಜೋಪಾನ" ಎಂದ. ಆಕೆ ಹಿಗ್ಗಿಹೋದಳು. ಯಾರೂ ಅದಲುಬದಲು ಮಾಡಬಾರದೆಂದು ಗುಟ್ಟಾಗಿ ಅರ ಹಿಡಿದು ನನ್ನ ಅಂಚಿಗೆ ಒಂದು ಗೀರು ಹಾಕಿದಳು. ಅಂದಿನಿಂದ ಪ್ರತಿ ದೀಪಾವಳಿಗೂ ಕಲಶದೊಳಗೆ ಅಕ್ಕಿಯ ಮೇಲೆ ಕೂತು ಅರಿಶಿನ ಕುಂಕುಮ ಹಚ್ಚಿಸಿಕೊಂಡೆ. ನಾನೇನೂ ಕೇಳಿರಲಿಲ್ಲ.

ಶಿವಣ್ಣ ತೀರಿಕೊಂಡ. ಸೊಸೆ ರೇವತಿ ಬಂದಳು. ಹುಣಸೆಹಣ್ಣು ಹಾಕಿ ನನ್ನನ್ನು ಉಜ್ಜುವ ಕೆಲಸ ಅವಳ ಪಾಲಿಗೆ ಬಂತು. ಮೊಮ್ಮಗಳು ಹುಟ್ಟಿದಾಗ, ನನ್ನನ್ನು ಕರಗಿಸಿ ಕಾಲುಗೆಜ್ಜೆ ಮಾಡಿಸಲು ಅತ್ತೆ, ಸೊಸೆ ಇಬ್ಬರೂ ವಾಮನ ಶೇಟರ ಬೆಳ್ಳಿ ಅಂಗಡಿಗೆ ಹೋದರು.

ಶೇಟರು ಅಯಸ್ಕಾಂತ ಹಿಡಿದರು. ನಾನು ಟಕ್ಕನೆ ಹೋಗಿ ಅಂಟಿಕೊಂಡೆ. ಅದು ನನ್ನ ಹುಟ್ಟುಗುಣ, ಏನು ಮಾಡಲಿ?

"ಬೆಳ್ಳಿ ಆದ್ರೆ ಇದಕ್ಕೆ ಅಂಟಲ್ಲ ತಾಯಿ. ಇದು ನಿಕ್ಕಲ್ಲು," ಎಂದರು ಶೇಟರು.

ಪುಟ್ಟತಾಯಮ್ಮ ನನ್ನನ್ನು ಕಿತ್ತುಕೊಂಡಳು. ಆಕೆಯ ಹೆಬ್ಬೆರಳು ನನ್ನ ಅಂಚಿನ ಮೇಲೆ ಓಡಿ, ಗೀರಿನ ಮೇಲೆ ನಿಂತಿತು. ತಾನು ಹಾಕಿದ ಗುರುತೇ ಎಂದು ಆಕೆಗೆ ಗೊತ್ತಾಯಿತು.

"ನಮ್ಮನೆಯವ್ರು ಕೊಟ್ಟಿದ್ದು ಬೆಳ್ಳೀನೆ. ಹಬ್ಬಹಬ್ಬಕ್ಕೂ ಇದನ್ನ ತೊಳ್ಯೋರು ಯಾರು ಅಂತ ನಾನು ಹೇಳ್ಬೇಕಾ?"

ರೇವತಿಯ ಮುಖ ಬಿಳುಚಿಕೊಂಡಿತು. ಶೇಟರು ತಲೆ ತಗ್ಗಿಸಿ ತಕ್ಕಡಿ ಒರೆಸತೊಡಗಿದರು.

ಥೂ! ಸತ್ತ ಗಂಡನ ಮಾತು ಉಳಿಸಲು ಬದುಕಿರುವ ಸೊಸೆಯನ್ನು ಕಳ್ಳಿ ಮಾಡುವುದೇ? ಬಾಯಿದ್ದಿದ್ದರೆ ಅಲ್ಲೇ ಕೂಗಿ ಮಾನ ಹರಾಜು ಹಾಕುತ್ತಿದ್ದೆ.

ಮನೆಗೆ ಬಂದ ಮೇಲೆ ರೇವತಿ ಅಳಲಿಲ್ಲ. ನನ್ನನ್ನು ಅತ್ತೆಯ ಕಣ್ಣಿನ ಮುಂದೆ ಹಿಡಿದಳು.

"ಈ ಗೀರು ಮೊದಲ್ನೇ ದಿನದಿಂದ ನನ್ನ ಬೆರಳಿಗೆ ಗೊತ್ತು. ನಿಮಗೆ ಗೊತ್ತಿಲ್ವಾ ಅತ್ತೆ?"

ಅತ್ತೆ ಸೆರಗು ಸರಿಮಾಡಿಕೊಂಡಳು, ಅಷ್ಟೇ. ರೇವತಿ ಗೀರು ಕಾಣುವ ಹಾಗೆ ನನ್ನನ್ನು ಫ್ರಿಜ್ಜಿನ ಬಾಗಿಲಿಗೆ ಇಟ್ಟು, ಮೇಲೊಂದು ಪುಟ್ಟ ಅಯಸ್ಕಾಂತ ಒತ್ತಿದಳು. ಅಂದಿನಿಂದ ಆ ಮನೆಯಲ್ಲಿ ಇಬ್ಬರಿಗೂ ಮಾತಿಲ್ಲ.

ಈಗಲೂ ಅಲ್ಲೇ ಇದ್ದೇನೆ. ಬೆಳಿಗ್ಗೆ ಹಾಲು ತೆಗೆಯಲು ಬರುವ ಪುಟ್ಟತಾಯಮ್ಮ ಮುಖ ಆ ಕಡೆ ತಿರುಗಿಸಿಕೊಂಡು ಬಾಗಿಲು ಎಳೆಯುತ್ತಾಳೆ. ನನ್ನನ್ನು ಕಿತ್ತೆಸೆಯುವ ಧೈರ್ಯ ಆಕೆಗಿಲ್ಲ. ನಿಜ ಹೇಳುವ ಧೈರ್ಯವೂ ಇಲ್ಲ.

ಗೀರು ಹಾಕಿದ್ದು ನಾನೇ ಎಂದು ಒಂದು ಮಾತು ಹೇಳು ತಾಯಿ. ಬೇಗ ಹೇಳು. ವಯಸ್ಸಾಗುತ್ತಿರುವುದು ನಿನಗೆ. ನನಗೆ ತುಕ್ಕು ಹಿಡಿಯುವುದಿಲ್ಲ.